ಮುಳ್ಳೇರಿಯದಿಂದ ಸಿಂಹರಾಜಕ್ಕೆ

ಮೊದಲ ದಿನ

ಮುಳ್ಳೇರಿಯದ ಮನೆಯಿಂದ ಹೊರಟು, ಕಾಸರಗೋಡಿನಲ್ಲಿ ಸಂಜೆ ರೈಲು ಹತ್ತಿ ಆಲುವಾದಲ್ಲಿ ಇಳಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಅಲ್ಲಿಂದ ನೆಡುಂಬಾಶೇರಿ ವಿಮಾನ ನಿಲ್ದಾಣ ಹತ್ತಿರ. ಕೊಲಂಬೊಗೆ ಒಂದು ಗಂಟೆ ಚಿಲ್ಲರೆ ಹಾರಾಟ. ನಮ್ಮೂರಿನಿಂದ ರೈಲು ಕಣ್ಣೂರು ಮುಟ್ಟುವಷ್ಟು ಹೊತ್ತಿನಲ್ಲಿ ಸಮುದ್ರ ದಾಟಿ ಬೇರೆ ದೇಶಕ್ಕೆ ಬಂದಾಗಿತ್ತು. ಹೊರಟವರು ಮೂವರು: ನಾನು, ಅಕ್ಕ, ಭಾವ. ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳುತ್ತಾ ವರ್ಷಗಳು ಕಳೆದವು. ನಿವೃತ್ತಿಯಾದ ಮೇಲೆ ಒಮ್ಮೆಯಾದರೂ ಹಕ್ಕಿಗಳಿಗಾಗಿಯೇ ಒಂದು ಪ್ರವಾಸ ಹೋಗಬೇಕೆಂಬುದು ನನ್ನ ಹಳೆಯ ಆಸೆ. ಅಡಕೆ ಕೊಯ್ಲಿನ ನಡುವೆ ಬಿಡುವು ಮಾಡಿಕೊಂಡು ಬಂದದ್ದು ಭಾವನ ದೊಡ್ಡ ಮನಸ್ಸು.

ಲಂಕೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಅಲ್ಲಿನ ಮಳೆಕಾಡೂ ನಮ್ಮ ಪಶ್ಚಿಮಘಟ್ಟವೂ ಒಂದೇ ಮನೆಯಿಂದ ಪಾಲಾದ ಅಣ್ಣ ತಮ್ಮಂದಿರ ಹಾಗೆ. ಮರಗಳು, ಕಪ್ಪೆಗಳು, ಹಕ್ಕಿಗಳು ಎಷ್ಟೋ ಎರಡೂ ಕಡೆ ಹಂಚಿಹೋಗಿವೆ. ಜೊತೆಗೆ, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಮೂವತ್ತಕ್ಕೂ ಮಿಕ್ಕಿ ಹಕ್ಕಿ ಜಾತಿಗಳು ಆ ಸಣ್ಣ ದ್ವೀಪದಲ್ಲಿವೆ. ಅವುಗಳಲ್ಲಿ ಹೆಚ್ಚಿನವು ಸಿಂಹರಾಜ ಎಂಬ ಒಂದೇ ಕಾಡಿನಲ್ಲಿ ಸಿಗುತ್ತವೆ.

ಕೊಲಂಬೊದಲ್ಲಿ ನಮಗಾಗಿ ಕಾರು ಕಾಯುತ್ತಿತ್ತು. ಒಂದು ಪ್ರವಾಸ ಕಂಪೆನಿಯವರು ಫೋನಿನಲ್ಲಿ ‘ಹಕ್ಕಿ ಗೊತ್ತಿರುವ ಗೈಡ್ ಕಳಿಸುತ್ತೇವೆ’ ಎಂದು ಮಾತು ಕೊಟ್ಟು, ಅದಕ್ಕೆಂದೇ ಪ್ರತ್ಯೇಕ ದುಡ್ಡು ಹಾಕಿಸಿಕೊಂಡಿದ್ದರು. ಬಂದವನು ಒಳ್ಳೆಯ ಹುಡುಗ, ಗಾಡಿ ಬಿಡುವುದರಲ್ಲಿ ಬಹಳ ಜಾಗ್ರತೆ. ಆದರೆ ರತ್ನಪುರದ ದಾರಿಯಲ್ಲಿ ಗದ್ದೆಯ ಮೇಲೆ ಸುತ್ತುತ್ತಿದ್ದ ಗಿಡುಗ ಯಾವುದೆಂದು ಕೇಳಿದರೆ ಅವನಿಗೆ ತಿಳಿಯಲಿಲ್ಲ. ಕೆರೆಯ ದಂಡೆಯ ಬೆಳ್ಳಕ್ಕಿಗಳದೂ ಅದೇ ಕಥೆ. ರತ್ನದ ಅಂಗಡಿಗಳ ಮುಂದೆ ಮಾತ್ರ ಎರಡು ಸಲ ಗಾಡಿ ನಿಲ್ಲಿಸಿದ. ಅವನ ಮೇಲೆ ನನಗೆ ಸಿಟ್ಟಿಲ್ಲ; ಹಕ್ಕಿಯ ಹೆಸರಿನಲ್ಲಿ ದುಡ್ಡು ತೆಗೆದುಕೊಂಡವರ ಮೇಲಿದೆ. ಆ ರಾತ್ರಿ ರತ್ನಪುರದ ಲಾಡ್ಜಿನಲ್ಲಿ ಅಕ್ಕ ಹೇಳಿದ ಮಾತು ಸರಿಯಾಗಿತ್ತು: “ಕಾಡಿನ ಬದಿಯಲ್ಲೇ ಮನೆ ಇರುವವರನ್ನು ಕೇಳು. ದೂರದಿಂದ ಕರೆಸಿದವರಿಂದ ಆಗುವ ಕೆಲಸ ಅಲ್ಲ ಇದು.”

ಎರಡನೇ ದಿನ

ರತ್ನಪುರದಿಂದ ಕಲವಾನ, ಅಲ್ಲಿಂದ ವೆದ್ದಗಲ, ಆಮೇಲೆ ಕುಡವ. ಕುಡವ ಎಂದರೆ ಸಿಂಹರಾಜದ ವಾಯವ್ಯ ಬಾಗಿಲು. ದಾರಿ ಕಿರಿದಾಗುತ್ತಾ ಬರುತ್ತದೆ. ಎರಡೂ ಬದಿಯಲ್ಲಿ ಸಣ್ಣ ಸಣ್ಣ ಚಾ ತೋಟ, ನಡುವೆ ಹಲಸು, ತೆಂಗು, ಅಡಕೆ, ಬೈನೆ ಮರ. ಭಾವ ಕಿಟಕಿಯಿಂದ ತಲೆ ಹೊರಗೆ ಹಾಕಿ ಅಡಕೆ ಮರಗಳನ್ನೇ ನೋಡುತ್ತಿದ್ದರು. ನಮ್ಮ ಆದೂರು ಬದಿಯ ಯಾವುದೋ ಗುಡ್ಡೆಯಲ್ಲಿ ರಬ್ಬರು ಕಿತ್ತು ಚಾ ನೆಟ್ಟರೆ ಹೇಗಿರಬಹುದೋ ಹಾಗಿತ್ತು.

ಉಳಿದುಕೊಂಡದ್ದು ಒಂದು ಮನೆಯಲ್ಲಿ. ಮನೆಯೊಡತಿಗೆ ನಮ್ಮ ಊಟದ ವಿಷಯ ಮೊದಲೇ ತಿಳಿಸಿದ್ದು ಒಳ್ಳೆಯದಾಯಿತು. ಲಂಕೆಯಲ್ಲಿ ಸೊಪ್ಪಿನ ಪಲ್ಯಕ್ಕೂ ತೆಂಗಿನಕಾಯಿ ಚಟ್ನಿಗೂ ಒಣಗಿಸಿದ ಮಾಲ್ದೀವ್ ಮೀನಿನ ಪುಡಿ ಹಾಕುವ ರೂಢಿ ಉಂಟು. ‘ಸಸ್ಯಾಹಾರ’ ಎಂದರೆ ಸಾಲದು, ‘ಉಂಬಲಕಡ ಬೇಡ’ ಎಂದು ಬಿಡಿಸಿ ಹೇಳಬೇಕು. ಅದೊಂದು ಬಿಟ್ಟರೆ ನಮ್ಮ ಮನೆಯ ಅಡಿಗೆಯೇ. ಗುಜ್ಜೆ ಸಾರು, ಜೀಗುಜ್ಜೆ ಪಲ್ಯ, ಒತ್ತು ಶ್ಯಾವಿಗೆ. ಅಕ್ಕ ಎರಡು ಸಲ ಬಡಿಸಿಕೊಂಡಳು.

ಗೈಡ್ ಬೇಕೆಂದಾಗ ಆಕೆ ಬೇಲಿಯಾಚೆ ಯಾರನ್ನೋ ಕೂಗಿದರು. ಸಂಜೆ ಆರರ ಹೊತ್ತಿಗೆ ಐವತ್ತರ ಆಸುಪಾಸಿನ, ತೆಳ್ಳಗಿನ ಒಬ್ಬರು ಬಂದು ಮೆಟ್ಟಿಲಲ್ಲಿ ಕೂತರು. ಅರ್ಧ ಎಕರೆ ಚಾ, ನಾಲ್ಕು ಬೈನೆ ಮರ, ಉಳಿದ ದಿನ ಅರಣ್ಯ ಇಲಾಖೆಯ ಗೇಟಿನಲ್ಲಿ ಗೈಡ್ ಕೆಲಸ. ಅವರ ಹೆಸರು ಇಲ್ಲಿ ಬೇಡ. ಮನೆಯವರೆಲ್ಲ ಕರೆಯುವಂತೆ ನಾವೂ ‘ಅಯ್ಯಾ’ ಎಂದೆವು. ಸಿಂಹಳದಲ್ಲಿ ಅಯ್ಯಾ ಎಂದರೆ ಅಣ್ಣ. ಅವರು ಅಕ್ಕನ ಕಡೆ ತಿರುಗಿ “ಅಕ್ಕಾ” ಎಂದಾಗ ಅವಳು ಬೆಚ್ಚಿ ನನ್ನ ಮುಖ ನೋಡಿದಳು. ಅವರ ಭಾಷೆಯಲ್ಲೂ ಅಕ್ಕ ಅಕ್ಕನೇ.

ನಾನು ನೋಡಬೇಕಾದ ಹಕ್ಕಿಗಳ ಪಟ್ಟಿ ತೆಗೆದು ಕೊಡಲು ಹೋದೆ. ಅವರು ಅದನ್ನು ಮಡಚಿ ಮರಳಿ ನನ್ನ ಕೈಯಲ್ಲಿಟ್ಟು, ಮುರುಕು ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದರು: “ಮೂವರೂ ಎಷ್ಟು ಹೊತ್ತು ಮಾತಾಡದೆ ಕೂರಬಲ್ಲಿರಿ?”

ಆಮೇಲೆ ಅವರ ಕರಾರುಗಳು. ದಿನಕ್ಕೆ ಹನ್ನೆರಡು ಸಾವಿರ ಲಂಕಾ ರೂಪಾಯಿ, ನಮ್ಮ ದುಡ್ಡಿನಲ್ಲಿ ಮೂರೂವರೆ ಸಾವಿರದ ಹತ್ತಿರ. ಕಾಡಿನ ಟಿಕೇಟು ಬೇರೆ, ಅದನ್ನು ಕೌಂಟರಿನಲ್ಲಿ ನಾವೇ ತೆಗೆಯಬೇಕು. ಹೊರಡುವುದು ಬೆಳಿಗ್ಗೆ ಐದು ಮುಕ್ಕಾಲಿಗೆ. ಬಣ್ಣದ ಅಂಗಿ ಬೇಡ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವ ಪದ್ಧತಿ ತನಗಿಲ್ಲ. ಹಾಗೆ ಮಾಡುವವರು ಬೇಕಾದರೆ ಬೇರೆಯವರನ್ನು ತೋರಿಸುತ್ತೇನೆ ಎಂದರು. ಯಾಕೆಂದು ಕೇಳಿದೆ. ಕೂಗು ಕೇಳಿದ ಹಕ್ಕಿ ತನ್ನ ಜಾಗಕ್ಕೆ ಇನ್ನೊಬ್ಬ ನುಗ್ಗಿದನೆಂದು ತಿಳಿದು ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ. ನಮಗೆ ಫೋಟೊ ಸಿಗುತ್ತದೆ, ಅದಕ್ಕೆ ಮರಿಗೆ ತಿನ್ನಿಸುವ ಹೊತ್ತು ಹೋಗುತ್ತದೆ. ದಿನಕ್ಕೆ ಎಂಟು ಗುಂಪು ಬಂದು ಎಂಟು ಸಲ ಕರೆದರೆ ಅದರ ಗತಿಯೇನು?

ಹೊರದೇಶದಲ್ಲಿ ಗೈಡ್ ಗೊತ್ತು ಮಾಡುವವರಿಗೆ ನಾನು ಹೇಳುವುದಿಷ್ಟೇ. ‘ಎಷ್ಟು ಹಕ್ಕಿ ತೋರಿಸುತ್ತೀರಿ’ ಎಂದು ಕೇಳುವ ಮೊದಲು ‘ರೆಕಾರ್ಡು ಹಾಕುತ್ತೀರಾ’ ಎಂದು ಕೇಳಿ. ಉತ್ತರದಲ್ಲೇ ಮನುಷ್ಯ ಗೊತ್ತಾಗುತ್ತಾನೆ.

ಮೂರನೇ ದಿನ

ಐದು ಮುಕ್ಕಾಲಿಗೆ ಕಪ್ಪು ಕತ್ತಲು. ಕಾಲಿಗೆ ಉಂಬುಳ, ಎಂದರೆ ಜಿಗಣೆ, ಹತ್ತದ ಹಾಗೆ ಕಾಲುಚೀಲ, ಅದರ ಮೇಲೆ ಅಯ್ಯಾ ಹಚ್ಚಿಕೊಟ್ಟ ಘಾಟು ಮುಲಾಮು. ಗೇಟಿನ ವರೆಗೂ ಹೋಗದೆ ದಾರಿಯ ಒಂದು ಮೋರಿಯ ಕಟ್ಟೆಯ ಮೇಲೆ ನಮ್ಮನ್ನು ಕೂರಿಸಿದರು. “ಅಹನ್ನ” ಎಂದರು. ಕೇಳಿ. ಕೈಯಲ್ಲಿದ್ದ ಬೈನಾಕ್ಯುಲರ್ ಚೀಲದಿಂದ ತೆಗೆಯಲು ಹೊರಟ ನನ್ನ ಕೈಯನ್ನು ಮೆಲ್ಲಗೆ ಹಿಡಿದು ತಡೆದರು.

ಮೊದಲು ನೀರಿನ ಸದ್ದು ಮಾತ್ರ. ಆಮೇಲೆ ಎಲೆಯಿಂದ ಎಲೆಗೆ ಬೀಳುವ ಹನಿ. ಆಮೇಲೆ ದೂರದಲ್ಲಿ ಒಂದು ಹಕ್ಕಿ, ಕುಟ್ರು ಕುಟ್ರು ಎಂದು ಬಿಡದೆ. ಭಾವ ನನ್ನ ಕಿವಿಯ ಹತ್ತಿರ ಬಂದು, “ಇದು ನಮ್ಮ ಕುಟ್ರ ಹಕ್ಕಿಯೇ ಅಲ್ಲದೊ ಭಾವ?” ಎಂದರು. ಅಯ್ಯಾ ಪಿಸುಗುಟ್ಟಿದರು: “ಕೊಟ್ಟೋರುವಾ.” ಹಣೆ ಹಳದಿಯಿರುವ, ಲಂಕೆಗಷ್ಟೇ ಸೇರಿದ ಕುಟ್ರ ಅದು. ನಮ್ಮಲ್ಲಿ ಕುಟ್ರು, ಮಲೆಯಾಳದಲ್ಲಿ ಕುಟ್ಟುರುವನ್, ಇವರಲ್ಲಿ ಕೊಟ್ಟೋರುವಾ. ಎರಡು ಭಾಷೆಯ ನಡುವೆ ಬದುಕುವ ಕಾಸರಗೋಡಿನವನಿಗೆ ಆ ಕತ್ತಲಲ್ಲಿ ಮೂರನೆಯದೊಂದು ಮನೆಯ ಬಾಗಿಲು ತೆರೆದ ಹಾಗಾಯಿತು. ಹಕ್ಕಿಯೇ ತನ್ನ ಹೆಸರು ಕೂಗಿ ಹೇಳುತ್ತಿರುವಾಗ ಯಾವ ಭಾಷೆಯವರಾದರೂ ಬೇರೆ ಹೇಗೆ ಕರೆಯಲು ಸಾಧ್ಯ?

ಒಂದು ಗಂಟೆ ಹಾಗೇ ಕೂತೆವು. ಬೆಳಕು ಬರುವಷ್ಟರಲ್ಲಿ ಒಂಬತ್ತು ಹಕ್ಕಿಗಳ ಕೂಗನ್ನು ಬೇರೆ ಬೇರೆಯಾಗಿ ಹಿಡಿಯಲು ಕಲಿತಿದ್ದೆವು. ಕಂಡದ್ದು ಒಂದೂ ಇಲ್ಲ.

ಸಿಂಹರಾಜ ದೊಡ್ಡ ಕಾಡೇನಲ್ಲ, ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ತೊಂಬತ್ತು ಚದರ ಕಿಲೋಮೀಟರಿಗೂ ಸ್ವಲ್ಪ ಕಡಿಮೆ. 1988ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಗುರುತಿಸಿತು. ಒಳಗೆ ಹೋಗಲು ಇರುವ ಅಗಲ ದಾರಿ ನೋಡಿ ಅಕ್ಕ, “ಕಾಡಿನೊಳಗೆ ಇಷ್ಟು ದೊಡ್ಡ ಮಾರ್ಗ ಯಾಕೆ?” ಎಂದಳು. ಅದು ಮರ ಸಾಗಿಸಲು ಮಾಡಿದ ದಾರಿ. 1970ರ ದಶಕದಲ್ಲಿ ಪ್ಲೈವುಡ್ಡಿಗಾಗಿ ಯಂತ್ರ ತಂದು ಇಲ್ಲಿ ಮರ ಕಡಿಯುತ್ತಿದ್ದರು. ಜನ ಎದ್ದು ಗಲಾಟೆ ಮಾಡಿದ ಮೇಲೆ ಆ ದಶಕದ ಕೊನೆಗೆ ನಿಂತಿತು. ಈಗ ಆ ದಾರಿಯ ಎರಡೂ ಬದಿ ಮರ ಎದ್ದಿದೆ. ಅಯ್ಯಾ ಒಂದು ಬುಡವನ್ನು ಕೈಯಿಂದ ತಟ್ಟಿ, ಇದು ನನಗಿಂತ ಚಿಕ್ಕದು ಎಂದರು. ಅವರ ತಂದೆ ಆ ಮರ ಎಳೆಯುವ ಕೆಲಸಕ್ಕೆ ಹೋಗಿದ್ದವರು.

ಹತ್ತು ಗಂಟೆಯಾಗುತ್ತಾ ಬಂತು. ನಾಲ್ಕು ಹಕ್ಕಿ ಸಹ ಸರಿಯಾಗಿ ಕಂಡಿರಲಿಲ್ಲ. ಅಷ್ಟರಲ್ಲಿ ಅಯ್ಯಾ ನಿಂತರು. ಬಲಗೈ ಕಿವಿಯ ಹಿಂದೆ. “ಪೊಡ್ಡಕ್ ಇನ್ನ.” ಸ್ವಲ್ಪ ತಾಳಿ. ನಮಗೇನೂ ಕೇಳಿಸಲಿಲ್ಲ. ಅರ್ಧ ನಿಮಿಷ ಕಳೆದ ಮೇಲೆ ಎಡಗಡೆಯ ಇಳಿಜಾರಿನಿಂದ ಕಿಚಕಿಚ ಎಂಬ ಗದ್ದಲ. ಮದುವೆ ಮನೆಯ ದಿಬ್ಬಣ ಗದ್ದೆಯ ಬದುವಿನಲ್ಲಿ ಬರುವಾಗ ಮೊದಲು ಮಾತು ಕೇಳಿ ಆಮೇಲೆ ಜನ ಕಾಣುವಂತೆ.

ಅದು ಹಲವು ಜಾತಿಯ ಹಕ್ಕಿಗಳು ಕೂಡಿ ಮೇಯಲು ಹೊರಡುವ ಹಿಂಡು. ಪ್ರೊಫೆಸರ್ ಸರತ್ ಕೊಟಗಮ ಮತ್ತು ಅವರ ಸಂಗಡಿಗರು 1980ರ ದಶಕದಿಂದ ಈ ಕಾಡಿನಲ್ಲಿ ಇದನ್ನೇ ಅಧ್ಯಯನ ಮಾಡುತ್ತಾ ಬಂದಿದ್ದಾರೆ. ಒಂದೊಂದು ಹಿಂಡಿನಲ್ಲಿ ಸರಾಸರಿ ಹತ್ತು ಹನ್ನೆರಡು ಜಾತಿ, ಒಟ್ಟು ನಲವತ್ತರಷ್ಟು ಹಕ್ಕಿ. ಹಿಂಡಿನ ಬೆನ್ನೆಲುಬು ಕಿತ್ತಳೆ ಕೊಕ್ಕಿನ ಹರಟೆಮಲ್ಲ. ಅವು ಸದಾ ಮಾತಾಡುತ್ತಿರುತ್ತವೆ. ಆ ಮಾತೇ ಉಳಿದವಕ್ಕೆ ‘ಇಲ್ಲಿದ್ದೇವೆ’ ಎಂಬ ಗುರುತು. ಕಾವಲಿಗೆ ಕಾಜಾಣ. ಲಂಕೆಯ ಕಾಜಾಣದ ತಲೆಯಲ್ಲಿ ಸಣ್ಣ ಜುಟ್ಟು, ಬಾಲ ಕವಲು. ನಮ್ಮ ಭೀಮರಾಜನ ಬಾಲದ ತುದಿಯಲ್ಲಿ ತೂಗುವ ಆ ಎರಡು ತಂತಿ ಇದಕ್ಕಿಲ್ಲ. ಗಿಡುಗ ಬಂದರೆ ಮೊದಲು ಕೂಗುವುದು ಇದು. ಬೇರೆ ಹಕ್ಕಿಗಳ ಎಚ್ಚರಿಕೆಯ ಕೂಗನ್ನೂ ಅಣಕು ಮಾಡಿ ಕೂಗುತ್ತದೆ, ಒಬ್ಬನೇ ನಾಲ್ಕು ಭಾಷೆಯಲ್ಲಿ ‘ಕಳ್ಳ ಬಂದ’ ಎಂದ ಹಾಗೆ. ಆ ಕಾವಲಿಗೆ ಕೂಲಿಯೆಂದರೆ ಹಿಂಡು ಎಬ್ಬಿಸಿದ ಹುಳಗಳನ್ನು ಗಾಳಿಯಲ್ಲಿ ಹಿಡಿಯುವುದು.

ಹಿಂಡು ನಮ್ಮನ್ನು ಸುತ್ತುವರಿಯಿತು. ತಲೆಯ ಮೇಲೆ, ಮೊಣಕಾಲಿನ ಎತ್ತರದ ಗಿಡದಲ್ಲಿ, ದಾರಿಯ ಕಸದಲ್ಲಿ. ಬೂದು ತಲೆಯ ಹರಟೆಮಲ್ಲಗಳು ಎಲೆ ಮಗುಚಿ ಮಗುಚಿ ಹುಡುಕುತ್ತಿದ್ದವು. ಒಂದು ಎಲೆ ನನ್ನ ಶೂಸಿನ ಮೇಲೆ ಬಿತ್ತು. ಅಯ್ಯಾ ಈಗ ಬೆರಳಿನಿಂದ ತೋರಿಸಲಿಲ್ಲ, ಕೈ ಎತ್ತಿದರೆ ಹೆದರುತ್ತವೆಂದು ಗಲ್ಲದಿಂದ ದಿಕ್ಕು ಹೇಳುತ್ತಿದ್ದರು. “ಬಲನ್ನ.” ನೋಡಿ. ಎತ್ತರದ ಬಳ್ಳಿಯ ಮರೆಯಲ್ಲಿ ಉದ್ದ ಬಾಲದ, ಮುಖಕ್ಕೆ ಕುಂಕುಮ ಮೆತ್ತಿದ ಹಾಗಿರುವ ಒಂದು ಹಕ್ಕಿ. ಮಲ್‌ಕೊಹಾ. ಇಂಗ್ಲಿಷಿನ ಪುಸ್ತಕಗಳಲ್ಲೆಲ್ಲ ಈ ಕುಲಕ್ಕೆ ಮಲ್‌ಕೊಹಾ ಎಂದೇ ಹೆಸರು. ಅದು ಸಿಂಹಳದ ಮಾತು ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಮಲ್ ಎಂದರೆ ಹೂ, ಕೊಹಾ ಎಂದರೆ ಕೋಗಿಲೆ. ಹೂಕೋಗಿಲೆ! ಅದಕ್ಕೆ ಹೆಸರಿಟ್ಟದ್ದು ಯಾವ ದೊರೆಯೂ ಅಲ್ಲ, ಇದೇ ಊರಿನ ಜನ.

ಹದಿನೈದು ನಿಮಿಷ ಇರಬಹುದು. ದಿಬ್ಬಣ ದಾಟಿತು. ಭಾವ ಮಾತ್ರ ಬೇಸರದಲ್ಲಿದ್ದರು: “ಎನಗೆ ಎಂತದೂ ಸರಿ ಕಾಣ್ತಿಲ್ಲೆನ್ನೆ ಭಾವ.” ಅವರು ಎಲ್ಲ ಹಕ್ಕಿಗಳನ್ನೂ ಬೈನಾಕ್ಯುಲರಿನಲ್ಲಿ ಹುಡುಕಲು ಹೊರಟಿದ್ದರು. ಅಯ್ಯಾ ಅವರ ಪಕ್ಕ ಬಂದು, ಮೊದಲು ಬರಿಗಣ್ಣಲ್ಲಿ ಹಕ್ಕಿಯನ್ನು ಹಿಡಿದಿಟ್ಟು, ಆ ಕಣ್ಣನ್ನು ಕದಲಿಸದೆ ಬೈನಾಕ್ಯುಲರನ್ನು ಕಣ್ಣಿನ ಮುಂದಕ್ಕೆ ತರುವುದು ಹೇಗೆಂದು ಮೂರು ಸಲ ಮಾಡಿ ತೋರಿಸಿದರು. ಭಾಷೆ ಬೇಕಾಗಲಿಲ್ಲ. ಮಧ್ಯಾಹ್ನ ಬಾಳೆಲೆಯ ಕಟ್ಟು ಬಿಚ್ಚಿ ಊಟ ಮಾಡುವಾಗ ಹತ್ತು ಮಾರು ದೂರದ ಕೊಂಬೆಗೆ ಬಂದು ಕೂತ ಕೆಹಿಬೆಲ್ಲಾವನ್ನು, ಎಂದರೆ ಲಂಕೆಯ ನೀಲಿ ಮ್ಯಾಗ್ಪೈಯನ್ನು, ಮೊದಲು ಕಂಡದ್ದು ಭಾವನೇ. ಮೈಯೆಲ್ಲ ಉಜಾಲದಲ್ಲಿ ಅದ್ದಿದ ಹಾಗೆ ನೀಲಿ, ತಲೆ ಕಗ್ಗಂದು, ಕೊಕ್ಕು ಕಾಲು ಕೆಂಪು. ಅನ್ನದ ಕಟ್ಟು ಕೈಯಲ್ಲೇ ಹಿಡಿದು ಭಾವ ಕಲ್ಲಿನ ಹಾಗೆ ಕೂತಿದ್ದರು.

ಎರಡು ಗಂಟೆಗೆ ಮಳೆ ಶುರುವಾದದ್ದು ನಿಲ್ಲುವಾಗ ಸಂಜೆ. ಉಂಬುಳದ ಲೆಕ್ಕ ಇಡಲಿಲ್ಲ.

ಕತ್ತಲಾಗುವಾಗ ಕಾಡಿನ ಅಂಚಿನಲ್ಲಿ ಇನ್ನೊಮ್ಮೆ ನಿಂತೆವು. ಈ ಸಲ ಒಂದೇ ಕೂಗಿಗಾಗಿ. ಏಳು ಗಂಟೆ ದಾಟಿದ ಮೇಲೆ ಅದು ಬಂತು: ಸಣ್ಣದಾಗಿ, ಸ್ವಲ್ಪ ನಡುಗುತ್ತಾ, ‘ಪೂ-ಊ’ ಎಂದು ಒಮ್ಮೆ. ತುಂಬಾ ಹೊತ್ತು ಕಳೆದು ಮತ್ತೊಮ್ಮೆ. ಸೆರೆಂದಿಬ್ ಗೂಬೆ. ದೀಪಲ್ ವಾರಕಗೊಡ ಎಂಬ ಲಂಕೆಯ ಪಕ್ಷಿತಜ್ಞರು 1995ರಲ್ಲಿ ಈ ಕೂಗು ಕೇಳಿ, ಇದು ತನಗೆ ಗೊತ್ತಿರುವ ಯಾವ ಹಕ್ಕಿಯದೂ ಅಲ್ಲವೆಂದು ಬೆನ್ನು ಹತ್ತಿದರು. ಕಣ್ಣಿಗೆ ಕಂಡದ್ದು 2001ರ ಜನವರಿಯಲ್ಲಿ, ಇದೇ ಸಿಂಹರಾಜದಲ್ಲಿ. ಹೊಸ ಜಾತಿಯೆಂದು ಅಚ್ಚಾದದ್ದು 2004ರಲ್ಲಿ. 1868ರ ನಂತರ ಆ ದ್ವೀಪದಲ್ಲಿ ಹೊಸ ಹಕ್ಕಿಯೊಂದು ಪತ್ತೆಯಾದದ್ದು ಅದೇ ಮೊದಲು. ಮರ ಕಡಿತದ ವಿರುದ್ಧ ನಿಂತ ತಿಲೊ ಹಾಫ್‌ಮನ್ ಅವರ ಹೆಸರನ್ನೇ ಅದರ ವೈಜ್ಞಾನಿಕ ಹೆಸರಿನಲ್ಲಿ ಸೇರಿಸಿದ್ದಾರೆ. ಐದಾರು ವರ್ಷ ಬರೀ ಒಂದು ಸ್ವರವನ್ನು ನಂಬಿ ಕಾಡು ತಿರುಗಿದ ಮನುಷ್ಯನನ್ನು ನೆನೆದು ನನ್ನ ಮೈ ಜುಮ್ಮೆಂದಿತು. ನಮಗೆ ಗೂಬೆ ಕಾಣಲಿಲ್ಲ. ಟಾರ್ಚ್ ಹಾಕೋಣವೇ ಎಂದು ನಾವೂ ಕೇಳಲಿಲ್ಲ.

ನಾಲ್ಕನೇ ದಿನ

ಬೆಳಿಗ್ಗೆ ಅಯ್ಯಾ ಒಬ್ಬರೇ ಮೊದಲು ಹೋಗಿ ನೋಡಿ ಬಂದರು. ನಲವತ್ತು ನಿಮಿಷ ನಾವು ಚಾ ತೋಟದ ಕಟ್ಟೆಯಲ್ಲಿ ಕಾದೆವು. ಬಂದವರು ಏನೂ ಹೇಳದೆ, ಒಬ್ಬೊಬ್ಬರಾಗಿ ಹಿಂದೆ ಬನ್ನಿ ಎಂದು ಕೈ ಮಾಡಿದರು. ತೋಟದ ಹಿಂದೆ ಬಳ್ಳಿ, ಬೆತ್ತ, ಒಣಗಿದ ಎಲೆಗಳ ಒಂದು ಪೊದೆ. ನನ್ನನ್ನು ಒಂದು ಕಲ್ಲಿನ ಮೇಲೆ ನಿಲ್ಲಿಸಿ ಭುಜ ಹಿಡಿದು ಇಷ್ಟೇ ಇಷ್ಟು ಎಡಕ್ಕೆ ತಿರುಗಿಸಿದರು.

ಮೊದಲು ಕಂಡದ್ದು ಎರಡು ಒಣ ಎಲೆಗಳು. ಒಂದು ಇಟ್ಟಿಗೆ ಬಣ್ಣ, ಇನ್ನೊಂದು ಬೂದು. ಬಳ್ಳಿಯ ಮೇಲೆ ಒಂದಕ್ಕೊಂದು ತಾಗಿಕೊಂಡು ನೇತು ಬಿದ್ದಿವೆ ಅನಿಸಿತು. ಆಮೇಲೆ ಇಟ್ಟಿಗೆ ಬಣ್ಣದ ಎಲೆಗೆ ಮೀಸೆ ಕಾಣಿಸಿತು. ಕೊಕ್ಕಿನ ಬುಡದಲ್ಲಿ ಒರಟು ಕೂದಲಿನ ಗೊಂಚಲು. ಅದರ ಕೆಳಗೆ ತಲೆಯಷ್ಟೇ ಅಗಲದ ಬಾಯಿ, ಮುಚ್ಚಿದ ಒಂದು ಗೀಟು. ಕಣ್ಣು ಸೀಳಿನಷ್ಟು ಮಾತ್ರ ತೆರೆದಿತ್ತು. ನಾನು ಉಸಿರು ಬಿಟ್ಟದ್ದು ಅದಕ್ಕೆ ಕೇಳಿಸಿರಬೇಕು. ಬಹಳ ನಿಧಾನವಾಗಿ, ಗಡಿಯಾರದ ಮುಳ್ಳಿನಷ್ಟು ನಿಧಾನವಾಗಿ, ಕೊಕ್ಕನ್ನು ಆಕಾಶದ ಕಡೆ ಎತ್ತಿತು. ಈಗ ಅದು ಮುರಿದ ಕೊಂಬೆ. ಬೂದು ಬಣ್ಣದ್ದು ಕದಲಲೇ ಇಲ್ಲ.

ಕಪ್ಪೆಬಾಯಿ. ಗಂಡು ಹೆಣ್ಣು ಜೋಡಿ. ಕೆಂಪಗಿನದು ಹೆಣ್ಣು, ಬೂದು ಗಂಡು. ಇಡೀ ಹಗಲು ಹೀಗೇ ಅಂಟಿ ಕೂತಿರುತ್ತವೆ. ಹಾಕುವುದು ಒಂದೇ ಮೊಟ್ಟೆ, ಅಂಗೈಗಿಂತ ಸಣ್ಣ ಗೂಡಿನಲ್ಲಿ. ಹಗಲು ಕಾವು ಕೂರುವುದು ಗಂಡು. ಸಿಂಹಳದಲ್ಲಿ ಮೆಡಿಮುಹುಣಾ, ಕಪ್ಪೆಮುಖ ಎಂದೇ ಅರ್ಥ. ಮಲೆಯಾಳದವರ ‘ಮಾಕ್ಕಾಚ್ಚಿಕ್ಕಾಡ’ದ ಮಾಕ್ಕಾಚ್ಚಿಯೂ ಕಪ್ಪೆಯೇ.

ಪುಸ್ತಕದಲ್ಲಿ ಇದರ ಹೆಸರು ಶ್ರೀಲಂಕಾ ಕಪ್ಪೆಬಾಯಿ. ಆದರೆ ಜಗತ್ತಿನಲ್ಲಿ ಇದಕ್ಕೆ ಎರಡೇ ಮನೆ: ಲಂಕೆ ಮತ್ತು ನಮ್ಮ ಪಶ್ಚಿಮಘಟ್ಟ. ಅಷ್ಟು ವರ್ಷ ಮಕ್ಕಳನ್ನು ಗುಡ್ಡೆಗೆ ಕರೆದುಕೊಂಡು ಹೋಗಿ ಹಕ್ಕಿ ತೋರಿಸಿದ ನಾನು ಇದನ್ನು ನಮ್ಮ ನೆಲದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಪಾಸ್‌ಪೋರ್ಟ್ ಮಾಡಿಸಿ, ಸಮುದ್ರ ದಾಟಿ ಬಂದು, ಭುಜ ಹಿಡಿದು ತಿರುಗಿಸಿದ ಮೇಲೆ ಕಂಡೆ. ಕಣ್ಣು ಒದ್ದೆಯಾಯಿತು. ಐದು ನಿಮಿಷಕ್ಕೆ ಅಯ್ಯಾ ಸಾಕು ಎಂದರು. ಆಮೇಲೆ ಅಕ್ಕ, ಆಮೇಲೆ ಭಾವ. ಇಬ್ಬರಿಗೂ ಅಷ್ಟೇ ಹೊತ್ತು. ಆ ಐದು ನಿಮಿಷದಲ್ಲಿ ಅಕ್ಕ ಫೋಟೊ ತೆಗೆಯಲಿಲ್ಲ, ಕೈ ಮುಗಿದು ನಿಂತಿದ್ದಳು.

ಮಧ್ಯಾಹ್ನ ಅವರ ಮನೆಗೆ ಕರೆದರು. ಹಾಲಿಲ್ಲದ ಚಾ, ಅಂಗೈಯಲ್ಲಿ ಬೈನೆ ಬೆಲ್ಲದ ಒಂದು ತುಂಡು; ಬೆಲ್ಲ ಕಚ್ಚಿ ಚಾ ಕುಡಿಯುವುದು. ನನ್ನ ಅಜ್ಜ ಹಾಗೆಯೇ ಕುಡಿಯುತ್ತಿದ್ದರು. ಅಯ್ಯಾ ಕೇಳಿದರು, ನಿಮ್ಮ ಊರಿನ ಹಕ್ಕಿ ಯಾವುದು? ಹೆಮ್ಮೆಯಿಂದಲೇ ಹೇಳಿದೆ: ಬಿಳಿ ಹೊಟ್ಟೆಯ ಕಡಲ ಗಿಡುಗ. 2023ರಲ್ಲಿ ನಮ್ಮ ಜಿಲ್ಲೆ ತನ್ನದೇ ಹಕ್ಕಿ, ಮರ, ಹೂ ಎಂದು ಘೋಷಿಸಿಕೊಂಡಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ಜಿಲ್ಲೆ ನಮ್ಮದು. ಮರ ಕಾಸರಕ. ಕುಂಬಳೆಯ ಹತ್ತಿರ ಕಿದೂರು ಎಂಬ ಊರಿದೆ, ಅಲ್ಲಿಗೆ ಹಕ್ಕಿ ನೋಡಲೆಂದೇ ಜನ ಬರುತ್ತಾರೆ ಎಂದೆ.

ಆಮೇಲೆ ಇನ್ನೊಂದನ್ನೂ ಹೇಳಬೇಕೆನಿಸಿತು. ಅವರ ತಂದೆ ಮರ ಎಳೆದ ಕಥೆ ಹೇಳಿದ್ದರಲ್ಲ, ಅದಕ್ಕೆ. ನಮ್ಮ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅದು ಬರುವ ದಿನ ಬಾವಿಗೆ ಮಡಲು ಮುಚ್ಚುತ್ತಿದ್ದೆವು. ಮೊದಲು ಜೇನು ಹೋಯಿತು. ಆಮೇಲೆ ಒಂದು ಬೆಳಿಗ್ಗೆ ಅಮ್ಮ ಅಂಗಳ ಗುಡಿಸುತ್ತಾ, “ಇಂದು ಕುಪ್ಪುಳು ಕೂಗಲಿಲ್ಲ” ಎಂದಳು. ಕುಪ್ಪುಳು ಎಂದರೆ ಕೆಂಬೂತ. ಮಕ್ಕಳು ಹೇಗೆ ಹುಟ್ಟಿದರು, ಪಡ್ರೆಯ ಮನೆಗಳಲ್ಲಿ ಎಷ್ಟು ಜನ ಹಾಸಿಗೆ ಹಿಡಿದರು ಎಂಬುದನ್ನು ಲೋಕವೆಲ್ಲ ನೋಡಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ಅದನ್ನು ನಿಲ್ಲಿಸಿತು. ನನ್ನ ತರಗತಿಯ ಬೆಂಚುಗ‍ಳಿಗೆ ಬರಬೇಕಾಗಿದ್ದು ಬಾರದೆ ಹೋದ ಮಕ್ಕಳಿದ್ದರು. ಅವರ ಲೆಕ್ಕದ ಮುಂದೆ ಹಕ್ಕಿಯ ಮಾತು ಸಣ್ಣದು ಅನಿಸಬಹುದು. ಆದರೆ ನಮಗೆ ಮೊದಲ ಸುದ್ದಿ ಕೊಟ್ಟದ್ದು ಆ ಮೌನ. ಅದನ್ನು ಓದಲು ನಮಗೆ ಬರಲಿಲ್ಲ.

ಅಯ್ಯಾ ತುಂಬಾ ಹೊತ್ತು ಮಾತಾಡಲಿಲ್ಲ. “ಈಗ ಕೂಗುತ್ತದೋ?” ಎಂದಷ್ಟೇ ಕೇಳಿದರು. ಕುಪ್ಪುಳು ಬಂದಿದೆ, ಕುಟ್ರ ಬಂದಿದೆ ಎಂದೆ. ಕಪ್ಪೆಬಾಯಿ ಉಂಟೋ ಎಂದು ಕೇಳಿದಾಗ ಉತ್ತರ ಇರಲಿಲ್ಲ. ಅವರು ಒಳಗೆ ಹೋಗಿ ಮೊಬೈಲು ತಂದು, ಮಗಳ ಸಹಾಯದಿಂದ, ತಾನೇ ಹಿಂದೊಮ್ಮೆ ಹಿಡಿದಿಟ್ಟಿದ್ದ ಅದರ ಕೂಗನ್ನು ನನಗೆ ವಾಟ್ಸಾಪಿನಲ್ಲಿ ಕಳಿಸಿದರು. ಕಾಡಿನಲ್ಲಿ ಹಾಕಬಾರದು, ಮನೆಯಲ್ಲಿ ಹಿರಿಯರಿಗೆ ಕೇಳಿಸಿ ಎಂದರು.

ದುಡ್ಡನ್ನು ಅಕ್ಕ ಲಕೋಟೆಯಲ್ಲಿ ಹಾಕಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಮಾತಾಡಿದ್ದಕ್ಕಿಂತ ಸ್ವಲ್ಪ ಹೆಚ್ಚೇ. ಊರಿನಿಂದ ತಂದ ನಮ್ಮದೇ ತೋಟದ ಕಾಳುಮೆಣಸಿನ ಒಂದು ಕಟ್ಟೂ ಇತ್ತು.

ಐದನೇ ದಿನ, ಆಮೇಲೆ

ಕೊಲಂಬೊ, ಕೊಚ್ಚಿ, ರೈಲು. ಹೇಳುವಂಥದ್ದೇನಿಲ್ಲ.

ಮನೆಗೆ ಬಂದ ಮೂರನೇ ದಿನ ಅಡಕೆ ಕೊಯ್ಯಲು ಆಳು ಬಂದಿದ್ದರು. ಅವರಲ್ಲಿ ಒಬ್ಬರು ಅರುವತ್ತು ದಾಟಿದವರು. ಕಾರಡ್ಕ ಕಾಡಿನ ಬದಿಯಲ್ಲಿ ಅವರ ಮನೆ. ಹತ್ತು ಗಂಟೆಯ ಚಾಕ್ಕೆ ಜಗಲಿಯಲ್ಲಿ ಕೂತಾಗ ಫೋನ್ ತೆಗೆದು ಆ ಕೂಗು ಹಾಕಿದೆ. ಒಡಕು ಗಂಟಲಲ್ಲಿ ಮೇಲಿನಿಂದ ಇಳಿದು ಬರುವ ಒಂದು ಕೀರಲು. ವೀಳ್ಯ ಜಗಿಯುತ್ತಿದ್ದವರು ನಿಲ್ಲಿಸಿದರು.

“ಇನ್ನೊಮ್ಮೆ ಹಾಕಿ ಮಾಷ್ಟ್ರೆ.”

ಹಾಕಿದೆ.

“ಇದು ನಾನು ಸಣ್ಣದಿರುವಾಗ ಕೇಳಿದ್ದೆ. ಪ್ರೇತ ಅಂತ ಅಜ್ಜಿ ಒಳಗೆ ಕರೆಯುತ್ತಿದ್ದಳು. ಹೆಲಿಕಾಪ್ಟರಿನ ಕಾಲದಲ್ಲಿ ಇರಲಿಲ್ಲ. ಈಗ ಎರಡು ಮಳೆಗಾಲದಿಂದ ಒಮ್ಮೊಮ್ಮೆ ಉಂಟು. ಹಕ್ಕಿಯೋ ಇದು?”

ಹಕ್ಕಿ ಎಂದೆ. ಸಿಂಹರಾಜದ ಆ ಎರಡು ಒಣ ಎಲೆಗಳನ್ನು ನೆನಪಿನಿಂದ ವಿವರಿಸಿದೆ. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿದೆ. ಕೊಯ್ಲಿನ ದಿನಕ್ಕೆ ಎಷ್ಟು ಸಂಬಳವೋ ಅಷ್ಟು ಕೊಡುತ್ತೇನೆ ಎಂದಾಗ, ಅದಕ್ಕೂ ಸಂಬಳವೋ ಎಂದು ಅವರು ಸಂಕೋಚಪಟ್ಟರು. ಅಯ್ಯಾನ ವಿಷಯ ಹೇಳಿದೆ. ಕೆಲಸ ಕೆಲಸವೇ ಎಂದು ಒಳಗಿನಿಂದ ಅಕ್ಕ ಕೂಗಿ ಹೇಳಿದಳು. ಬರುವ ಶನಿವಾರ ಮುಸ್ಸಂಜೆಗೆ ಹೋಗುವುದೆಂದು ಮಾತಾಯಿತು.

ಟಾರ್ಚ್ ಸೆಲ್ಲು ತರಬೇಕು ಎಂದು ನಾನು ಎದ್ದೆ.

“ಟಾರ್ಚ್ ಬೇಡ ಮಾಷ್ಟ್ರೆ,” ಎಂದರು. “ಬೆಳಕು ಬಿದ್ದರೆ ಅದು ಬಾಯಿ ಮುಚ್ಚುತ್ತದೆ. ಕತ್ತಲಲ್ಲೇ ಕೂತು ಕೇಳಬೇಕು.”